ಗೇಣಿಗೆ ಚೂರು ಕಮ್ಮಿ

ಮೊದಲು ಹೆಸರು. ಹನ್ನೊಂದು ವರ್ಷ ನಾನದನ್ನು
ಮಚ್ಚಿ ಎಂದೇ ಕರೆದೆ,
ಡಬ್ಬಿಯ ಮೇಲಿನ ಅಕ್ಷರ ಕೂಡಿಸಿ ಓದಿ.
ಪ್ಯಾಂಟು ಗಿಡ್ಡ ಮಾಡಿಸಲು ಬಂದ ಇಟಲಿಯ ಹಡಗಿನವ
ಹಲ್ಲುಕಡ್ಡಿ ಬಾಯಿಂದ ತೆಗೆದು ತಿದ್ದಿದ:
ಮಕ್ಕಿ.

ಮಕ್ಕಿಯೆ? ನಮ್ಮ ಬೈಂದೂರು ಕಡೆ ಮಕ್ಕಿ ಎಂದರೆ
ನೀರು ನಿಲ್ಲದ ಮೇಲಿನ ಗದ್ದೆ.
ಬಂದರೆ ಒಂದು ಬೆಳೆ, ಹೋದರೆ ಅದೂ ಇಲ್ಲ.
ಆ ಹೆಸರಿನ ಯುದ್ಧವಿಮಾನ
ಮನಾಮದ ಸೂಕಿನ ಎರಡನೇ ಗಲ್ಲಿಯಲ್ಲಿ
ನನ್ನ ಗುಂಡಿ ಡಬ್ಬಿಯ ಮೇಲೆ ಕೂತಿದೆ,
ಅಂಗೈಯಗಲ.

ರಾತ್ರಿ ಹತ್ತಕ್ಕೆ ಶಟರ್ ಅರ್ಧ ಇಳಿಸಿ
ತೋಬುಗಳ ಬಿಳಿ ರಾಶಿ ಬದಿಗೆ ಸರಿಸಿ
ಮರಳು ಬಣ್ಣದ ಮೈಮೇಲೆ
ಕಡುಹಸಿರು ಹೊಗೆಯುಂಗುರ ಬರೆಯುತ್ತೇನೆ.
ಒಂದು ಉಂಗುರ ಇನ್ನೊಂದರಂತಿರಬಾರದು,
ಬರೆದವನ ಕೈ ದಣಿದದ್ದೂ ಕಾಣಬೇಕು.
ಬೆನ್ನಿಗೆ ಬಿಳಿ ಪಟ್ಟಿ. ಬಾಲಕ್ಕೆ ಬಿಳಿ ಶಿಲುಬೆ.
ಅಂಗಡಿಯ ಹುಡುಗ ನಝೀರ್ ಕೇಳುತ್ತಾನೆ:
ಇದಕ್ಕೆ ಎಷ್ಟು ದೀನಾರ್ ಸಿಗುತ್ತೆ ಮಾಸ್ಟರ್?

ಆಮೇಲೆ ರೆಕ್ಕೆ.
ಗಾಳಿಪಂಖ ಬಲಕ್ಕೆ ಗಿರ್ರೆಂದರೆ
ಮೈಯೆಲ್ಲ ಎಡಕ್ಕೆ ವಾಲುತ್ತದೆ.
ಅದಕ್ಕೇ ಎಡರೆಕ್ಕೆಯನ್ನು ಉದ್ದ ಮಾಡಿದರು,
ಗೇಣಿಗೆ ಚೂರು ಕಮ್ಮಿ.
ನನ್ನ ಅಳತೆಗೆ ಇಳಿಸಿದರೆ ಮೂರು ಮಿಲಿಮೀಟರೂ ಇಲ್ಲ,
ಕಾಲರಿನ ಒಳ ಅಂಚಿನಷ್ಟು.
ಈ ಅಗ್ಗದ ಡಬ್ಬಿಯಲ್ಲಿ ಎರಡೂ ರೆಕ್ಕೆ ಸಮ.
ಕೊಯ್ದೆ. ತುಂಡು ಸೇರಿಸಿದೆ. ಉಜ್ಜಿದೆ.
ಮೂರು ರಾತ್ರಿ.

ಅದ್ಲಿಯಾದ ಸ್ಪರ್ಧೆಯಲ್ಲಿ ತೀರ್ಪುಗಾರ
ಕನ್ನಡಕ ಹಣೆಗೇರಿಸಿ ಸ್ಕೇಲು ಹಿಡಿದು ನೋಡಿ
ಚೀಟಿಯಲ್ಲಿ ಬರೆದ:
ರೆಕ್ಕೆಗಳು ಸಮವಾಗಿಲ್ಲ. ಐದು ಅಂಕ ವಜಾ.
ನಾನು ವಾದಿಸಲಿಲ್ಲ.
ಮೂವತ್ತನಾಲ್ಕು ವರ್ಷದ ಅಳತೆ ಪುಸ್ತಕವಿದೆ ನನ್ನಲ್ಲಿ,
ಎರಡು ತೋಳೂ ಸಮ ಇದ್ದ ಗಂಡಸು
ಅದರಲ್ಲಿ ಒಬ್ಬನೂ ಇಲ್ಲ.
ಬಲೆ ಎಳೆದವನದು ಒಂದು, ಲೆಕ್ಕ ಬರೆದವನದು ಒಂದು.
ಸಮ ಹೊಲಿದರೆ ಹೇಳುತ್ತಾರೆ,
ಮಾಸ್ಟರ್, ಎಲ್ಲೋ ತಪ್ಪಾಗಿದೆ.

ಸಿತ್ರದ ಹಾಜಿ ಮಹ್ದಿಗೆ ಮಾತ್ರ ಸುಳ್ಳು ಹೇಳಲಾರದೆ ಹೋದೆ.
ಮಕ್ಕಿಯನ್ನು ಬೆರಳತುದಿಯಲ್ಲಿ ಮುಟ್ಟಿ ಅವರೆಂದರು:
ಇದೇ. ಇದೇ ಬಂದದ್ದು ಆ ರಾತ್ರಿ,
ರಿಫೈನರಿಗೆ ಬಾಂಬು ಹಾಕಲು.
ನನ್ನಪ್ಪ ಕಣ್ಣಾರೆ ಕಂಡಿದ್ದ. ಗುಬ್ಬಿಗಳ ಹಾಗೆ ಪುರ್ರೆಂದು.

ಇಲ್ಲ ಹಾಜಿ, ಎಂದೆ.
ನಲವತ್ತರ ಅಕ್ಟೋಬರದಲ್ಲಿ ಇದಿನ್ನೂ
ಯಾವ ದಳವನ್ನೂ ಸೇರಿರಲಿಲ್ಲ.
ಸೇರಿದ್ದರೂ ಅಷ್ಟು ದೂರಕ್ಕೆ ಇದರ ಹೊಟ್ಟೆ ಸಾಲದು.
ಬಂದದ್ದು ನಾಲ್ಕು ಗಜಗಾತ್ರದವು,
ತಲಾ ಮೂರು ಎಂಜಿನ್ನು,
ರೋಡ್ಸ್ ದ್ವೀಪದಿಂದ ರಾತ್ರಿಯೆಲ್ಲ ಹಾರಿ.
ಗುಬ್ಬಿಯಲ್ಲ, ಎಮ್ಮೆ.

ಚಹಾ ಆರಿತು.
ಎರಡು ತಿಂಗಳು ಹಾಜಿ ಗಲ್ಲಿಗೆ ಬರಲಿಲ್ಲ.
ನನಗೇನಾಗಿತ್ತು? ಸತ್ತ ಅಪ್ಪನ ಕಣ್ಣು
ನಾನ್ಯಾಕೆ ತಿದ್ದಬೇಕಿತ್ತು?
ಆದರೂ ಒಂದು ಸಲ ಎಳೆ ತಪ್ಪಿದರೆ
ಸೊಂಟದವರೆಗೂ ಬಟ್ಟೆ ಸೊಟ್ಟಗೆ ಹೋಗುತ್ತದಲ್ಲ.

ಈದಿಗೆ ಒಂಬತ್ತು ದಿನ ಇರುವಾಗ ಬಂದರು,
ಹೊಸ ತೋಬಿಗೆ ಬಟ್ಟೆ ಹಿಡಿದು.
ಭುಜಕ್ಕೆ ಟೇಪು ಇಟ್ಟೆ.
ಹಾಜಿ ಕನ್ನಡಿಯಲ್ಲೇ ನನ್ನ ನೋಡಿ ಕೇಳಿದರು:
ಆ ಎಮ್ಮೆಗಳು, ಸದ್ದು ಜೋರಿತ್ತೆ?
ಜೋರೇ ಇರಬೇಕು ಹಾಜಿ, ಹನ್ನೆರಡು ಎಂಜಿನ್ನು.
ಹೂಂ, ಎಂದರು. ಅಪ್ಪ ಕಿವಿ ಮುಚ್ಚಿಕೊಂಡಿದ್ದನಂತೆ.
ಅದು ಯಾವತ್ತೂ ನನಗೆ ತಿಳಿಯುತ್ತಿರಲಿಲ್ಲ,
ಗುಬ್ಬಿಗೆ ಯಾಕೆ ಕಿವಿ ಮುಚ್ಚಬೇಕು ಎಂದು.

ಹೇಳುತ್ತ ಎಡಗೈ ಎತ್ತಿದರು,
ಸಮುದ್ರದ ಕಡೆ, ಅವು ಬಂದ ದಿಕ್ಕಿಗೆ.
ಟೇಪು ಇನ್ನೂ ತೋಳಿನ ಮೇಲಿತ್ತು.
ಇಳಿಸಿ ಎನ್ನಲಿಲ್ಲ.
ಹಾಗೇ ಬರೆದುಕೊಂಡೆ: ಎಡ, ಇಪ್ಪತ್ತನಾಲ್ಕೂವರೆ,
ಕೈ ಎತ್ತಿದಾಗ.