ತುಂಬೋ ಬಾಯಿ

ಭಾನುವಾರ. ಕ್ಯೂರಿಂಗ್ ವರ್ಕ್ಸಿನ ಗೇಟಿಗೆ ಬೀಗ.
ಬೀಜ ಆರಿಸುವವರ ಮಣೆಗಳು ಗೋಡೆಗೆ ಒರಗಿವೆ.
"ಹಾಸನದ ಚಳೀಲಿ ಎಣ್ಣೆ ಬೆಲ್ಲದ ಪಾಕ,
ಮೊದ್ಲು ಬಿಸಿ ಮಾಡು" ಅಂದ ಜಬೀವುಲ್ಲಾ.
ಖಾಲಿ ಫೋರ್ಕ್ ಎತ್ತಿಕೊಂಡು
ಕಣದ ಸುತ್ತ ಎಂಟು ಸುತ್ತು ಓಡಿಸಿದೆ,
ಯಾರ ಮದುವೆಯೂ ಅಲ್ಲದ ಮೆರವಣಿಗೆ.

ಅವನಿಗೆ ಎಡಗಿವಿ ಕೇಳದು.
ಗೋಣಿ ಹಾಸಿ, ಬಲಗಿವಿಯನ್ನು ಆಕ್ಸಲ್ಲಿಗೆ ಕೊಟ್ಟು ಮಲಗಿದ.
"ನೈಂಟಿ ತಂದ್ಯಾ?"
ತಂದಿದ್ದೆ, ಒಂದು ಬಕೆಟ್ಟು.
ನಮ್ಮ ಭಾವ ಹಾಕುವ ನೈಂಟಿಯೇ ಬೇರೆ.
ಇದಕ್ಕೆ ಏಳು ಲೀಟರಾದರೂ ನಿಶೆ ಏರುವುದಿಲ್ಲ.

ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.
ಮೊಣಕೈಗೆ ಒಂದು ಏಟು ಬಿತ್ತು.
"ಸುರಿಯೋ ಬಾಯಿ ಆಮೇಲೆ ಕಣಯ್ಯಾ,
ತುಂಬೋ ಬಾಯಿ ತೆಗಿ ಮೊದ್ಲು.
ಕೆಳಗಿಂದೆಲ್ಲಾ ಚೆಲ್ಬಿಟ್ಟು ಮೇಲಿಂದು ಬಿಚ್ಚದೇ ಹೋದ್ರೆ
ಹೊಟ್ಟೆ ಖಾಲಿ ಗಾಡಿ ತಳ್ಕೊಂಡು ಎಲ್ಲಿಗೆ ಹೋಗ್ತೀಯ?"

ಮೇಲಿನದು ಬಿಚ್ಚಲಿಲ್ಲ.
ಆರು ವರ್ಷದ ಕಾಫಿ ಧೂಳು, ಯಾರೋ ಬಳಿದ ಹಳದಿ ಬಣ್ಣ
ತಿರುಪಿನೊಳಗೆ ಸಂಸಾರ ಹೂಡಿದ್ದವು.
ಸೀಮೆಎಣ್ಣೆ ಹನಿಸಿ ಕಾದೆವು.
ಒಂದು ಬೀಡಿ. ಸಕಲೇಶಪುರದ ಕಡೆಗೆ ಒಂದು ಗೂಡ್ಸು ರೈಲು.
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ,
ಕೂಸಿಗೆ ತೇಗು ಬರಿಸುವ ಹಾಗೆ.
ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದಾಗ
ಕಿರ್ ಎಂದು ಒಪ್ಪಿಕೊಂಡಿತು.

ಆಮೇಲೆ ಕೆಳಗಿನದು.
ಎಣ್ಣೆ ಇಳಿಯಿತು, ಮೊದಲು ದಪ್ಪ ಜಡೆ,
ಆಮೇಲೆ ಎಳೆ, ಆಮೇಲೆ ಹನಿ,
ಹನಿಗೂ ಹನಿಗೂ ನಡುವೆ ಮಾತಾಡುವಷ್ಟು ಜಾಗ.
ಸುಟ್ಟ ಬೆಳ್ಳುಳ್ಳಿಯ ವಾಸನೆ.

ಆ ಜಾಗದಲ್ಲಿ ಕೇಳಿದೆ, ಇದರೊಳಗೆ ಏನು ನಡೆಯುತ್ತೆ ಅಂತ.
"ಸಂಜೆ ಐದೂವರೆಗೆ ಗೇಟಿನ ಹತ್ರ ನೋಡಿಲ್ವಾ,
ಬೋರಮ್ಮ, ಸಣ್ಣಕ್ಕ, ಫಾತಿಮಾಬಿ
ಕೈ ಕೈ ಹಿಡ್ಕೊಂಡು ಮೂಲೆ ತಿರುಗೋದು?
ಒಳಗಿನೋಳು ನಿಂತಲ್ಲೇ ಕಾಲು ಎತ್ತಿಡ್ತಾಳೆ,
ಹೊರಗಿನೋಳು ಓಡ್ತಾಳೆ. ಕೈ ಮಾತ್ರ ಬಿಡಲ್ಲ.
ಅಷ್ಟೇ ಡಿಫರೆನ್ಷಿಯಲ್ಲು."

ಅಯಸ್ಕಾಂತದ ಬೋಲ್ಟಿನ ತುದಿಗೆ
ಕಪ್ಪು ರೋಮ, ಕಾಡಿಗೆಯಷ್ಟು ನುಣ್ಣಗೆ.
"ಇದು ವಯಸ್ಸು" ಅಂದ, ಒರೆಸಿದ.
ಬೆರಳು ನಿಂತಿತು.
ರೋಮದೊಳಗೆ ಒಂದು ಚೂರು, ಅಕ್ಕಿ ನುಚ್ಚಿನಷ್ಟು,
ಒಂದು ಮಗ್ಗುಲು ಮಾತ್ರ ಹೊಳೆಯುತ್ತಿತ್ತು.
ಹಲ್ಲು.

ಅವನು ಕೇಳಲಿಲ್ಲ.
ನಾನು ಹೇಳಲೂ ಇಲ್ಲ:
ಹೋದ ತಿಂಗಳು, ಕೊನೆಯ ಲಾರಿ,
ಮಗಳು ಬದನೆಕಾಯಿ ವೇಷ ಹಾಕುವ ಸ್ಕೂಲ್ ಡೇಗೆ ಹೊತ್ತಾಗಿ
ರ‍್ಯಾಂಪಿನ ಮೇಲೆ ಗಾಡಿ ನಿಲ್ಲುವ ಮೊದಲೇ
ಮುಂದಿನಿಂದ ಹಿಂದಕ್ಕೆ ಗೇರು ಎಳೆದದ್ದು,
ಕೆಳಗೆಲ್ಲೋ ಟಣ್ ಅಂದದ್ದು,
ಮೊಬೈಲಿನ ಹಾಡು ಜೋರು ಮಾಡಿದ್ದು.

ಬಲಗಿವಿಯಲ್ಲಿ ಎಲ್ಲ ಕೇಳಿಸಿಕೊಂಡವನಂತೆ
ಹಳೇ ಕ್ಯಾಲೆಂಡರಿನ ಒಂದು ಮಂಗಳವಾರ ಹರಿದು
ಚೂರನ್ನು ಅದರಲ್ಲಿ ಮಡಿಸಿ
ನನ್ನ ಜೇಬಿಗೆ ಹಾಕಿದ.
"ಇನ್ನೂ ಓಡುತ್ತೆ. ನಿಲ್ಸಿ ತಿರುಗ್ಸು."

ಹೊಸ ಎಣ್ಣೆ ಜೇನಿನ ಬಣ್ಣ. ಕೈಪಂಪು ನಾನೇ ಒತ್ತಿದೆ.
ಗೆರೆ ಇಲ್ಲ, ಗುರುತಿಲ್ಲ,
ತುಂಬೋ ಬಾಯಿಂದಲೇ ಹೊರಗೆ ಒಸರಿದರೆ ಸಾಕು ಎಂದು ಲೆಕ್ಕ.
ಒಸರಿತು. ಬೆರಳಿಗೆ ಹತ್ತಿತು.

ಹಳೆಯದು ವಾಚ್‌ಮನ್ ಧರಣಪ್ಪನ ಪಾಲು,
ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲವಂತೆ.

ಸೋಮವಾರ ಏಳಕ್ಕೆ ಮೊದಲ ಲೋಡು.
ರ‍್ಯಾಂಪಿನ ಮೇಲೆ ನಿಂತೆ. ಪೂರ್ತಿ ನಿಂತೆ.
ಹಿಂದಿನ ಲಾರಿಯವನು ಹಾರ್ನ್ ಹೊಡೆದ.
ಇರಯ್ಯಾ, ಅಂದೆ,
ಜೇಬು ಮುಟ್ಟಿಕೊಂಡು.