ಗುರುಬಲ

“ಸುಲಕ್ಷಾಳಿಗೆ ಈ ಚೈತ್ರಕ್ಕೆ ಗುರುಬಲ ಬಂತಂತೆ,”
ಅಂದಳು ಅವಳಮ್ಮ, ಒಣಗಲಿಟ್ಟ ಬಂಗಡೆ ಮಗುಚುತ್ತ.
ಮೂವತ್ತೊಂದಾಯ್ತು. ಭಟ್ಟರು ಬೆರಳೆಣಿಸಿ ಹೇಳಿದ್ದಾರೆ.
ಸುಲಕ್ಷಾ ಅಳತೆಕೋಲು ಹೆಗಲಿಗೇರಿಸಿ
ನನಗಿಂತ ಮುಂದೆ ನಡೆದಳು.

ಬೈತಖೋಲದಲ್ಲಿ ತಿಂಗಳಿಗೊಮ್ಮೆ, ಇಳಿತದ ಹೊತ್ತಿಗೆ,
ನಾವು ಮರಳು ಅಳೆಯುವವರು.
ಅವಳು ಕೋಲು ಹಿಡಿದು ನಿಲ್ಲುತ್ತಾಳೆ,
ನಾನು ದುರ್ಬೀನಿಗೆ ಕಣ್ಣಿಟ್ಟು ಅಂಕಿ ಕೂಗುತ್ತೇನೆ.
ಹನ್ನೊಂದು ವರ್ಷದ ಅಂಕಿ:
ಕಲ್ಲುಗೋಡೆಯ ಆಚೆ ದಂಡೆ ಉಬ್ಬಿದೆ,
ಈಚೆ, ಅವಳಜ್ಜ ಪಾತಿದೋಣಿ ಎಳೆದಿಡುತ್ತಿದ್ದಲ್ಲಿ,
ಮೊಣಕಾಲುದ್ದ ನೀರು.

ಕಡಲು ತಿಂತು ಅನ್ನುತ್ತಾರೆ.
ತಿಂದದ್ದಲ್ಲ. ಬರಬೇಕಾದ್ದು ಬರಲಿಲ್ಲ, ಅಷ್ಟೇ.
ದಂಡೆಗುಂಟ ಸರಿದು ಬರುವ ಮರಳು
ಗೋಡೆಯ ಬೆನ್ನಿಗೆ ಒರಗಿ ಕೂತುಬಿಟ್ಟಿತು.

ಸೂರ್ಯ ಹಸುಗೂಸಾಗಿದ್ದಾಗ
ಸುತ್ತ ಧೂಳು, ಹರಳು, ಅನಿಲದ ತಿರುಗಣಿ.
ಹರಳೆಲ್ಲ ಒಳಕ್ಕೆ ಜಾರುತ್ತಿದ್ದವಂತೆ, ಬೆಚ್ಚಗಿನ ಕಡೆಗೆ.
ನಡುವೆ ಒಬ್ಬ (ಹೆಸರೇ ಭಾರ)
ಉಳಿದವರು ಕಣ್ಣುಬಿಡುವ ಮೊದಲೇ ದಪ್ಪಗಾದ,
ದಾರಿಯ ಅನಿಲವನ್ನೆಲ್ಲ ಉಂಡು
ಒಂದು ಕಾಲುವೆ ತೋಡಿದ.
ಆಚೆಯ ಹರಳು ಆಚೆಯೇ ನಿಂತಿತು.
ಒಳಗಿದ್ದವರಿಗೆ ಸಿಕ್ಕಿದ್ದು ಚೂರುಪಾರು.
ಅದರಲ್ಲೇ ನಮ್ಮದು, ಕಾಲೂರುವಷ್ಟು ಗಟ್ಟಿ ಕಲ್ಲು.
ಮಂಗಳನಿಗೆ ಅಷ್ಟೂ ಸಿಗದೆ ಕುಳ್ಳನಾದ.
ಅವನಾಚೆ, ಸೇರಬೇಕಿದ್ದ ಬಂಡೆಗಳು
ಮನೆಯಾಗದ ಜಲ್ಲಿಯಂತೆ ಇವತ್ತಿಗೂ ಅಲೆಯುತ್ತಿವೆ.

ಇದು ಒಂದು ಲೆಕ್ಕ. ಬೇರೆ ಲೆಕ್ಕವೂ ಉಂಟು:
ಗುರು ಒಮ್ಮೆ ಒಳಗೇ ನುಗ್ಗಿಬಂದಿದ್ದ,
ಶನಿ ಬಂದು ಹಿಂದಕ್ಕೆಳೆದ ಅನ್ನುವವರಿದ್ದಾರೆ.
ಶನಿಯಿಂದ ಉಪಕಾರ! ಭಟ್ಟರಿಗೆ ಹೇಳಬೇಕು.

“ಅವನು ಅಡ್ಡ ನಿಲ್ಲದಿದ್ದರೆ?” ಕೇಳಿದಳು ಸುಲಕ್ಷಾ.
ಎಲ್ಲ ಹರಳೂ ಒಳಗೆ ಬಂದು
ಭೂಮಿ ಊದಿಕೊಳ್ಳುತ್ತಿತ್ತೇನೋ, ದಪ್ಪ ಗಾಳಿ ಹೊದ್ದು.
ಕಾಲಿಡಲು ದಂಡೆಯೇ ಇರುತ್ತಿರಲಿಲ್ಲ, ಅಂದೆ.

ಅವಳು ಗೋಡೆಯ ಕಡೆ ನೋಡಿದಳು.
“ಅಲ್ಲಿ ಅಡ್ಡ ನಿಂತದ್ದಕ್ಕೆ ದಂಡೆ ಹುಟ್ಟಿತು.
ಇಲ್ಲಿ ಅಡ್ಡ ನಿಂತದ್ದಕ್ಕೆ ಹೋಯಿತು.”
ನನ್ನ ಹತ್ತಿರ ಉತ್ತರವಿರಲಿಲ್ಲ.
ಹತ್ತು ಜನರ ಬಲೆ ಒಣಗುತ್ತಿದ್ದ ಜಾಗ ಅದು.

ಕತ್ತಲಾಯ್ತು. ಕೂರ್ಮಗಡದ ಮೇಲೆ
ಮಿನುಗದೆ ನಿಂತಿದ್ದಾನೆ ಅವನು,
ಯಾರ ಮದುವೆಯ ಗೊಡವೆಯೂ ಇಲ್ಲದೆ.
ಅವಳ ಕಣಕಾಲಿಗೆ ಬಡಿಯುವ ಈ ಉಪ್ಪುನೀರಲ್ಲೂ
ಅವನು ಒಳಗೆಸೆದ ಹಿಮಗಲ್ಲುಗಳ ಪಾಲಿರಬಹುದು.

“ಓದಿ ಮಾರಾಯರೆ, ಚಳಿ,” ಅಂದಳು,
ಟಾರ್ಚು ಕೋಲಿನ ಮೇಲೆ ಹಿಡಿದು.
ಓದಿದೆ.
ಹೋದ ತಿಂಗಳಿಗಿಂತ
ನಾಲ್ಕು ಬೆರಳು ತಗ್ಗು.