ನೂರು ಅಂಕ, ನಾಲ್ವರಿಗೆ

ರಾತ್ರಿ ಹನ್ನೊಂದೂವರೆ. ಫಾರಂ ಮುಚ್ಚಲು ಇನ್ನರ್ಧ ಗಂಟೆ.
"ನಿಮ್ಮ ತಂಡದ ನಾಲ್ವರಿಗೆ ನೂರು ಅಂಕ ಹಂಚಿರಿ,
ಸಮವಾಗಿ ಹಂಚುವಂತಿಲ್ಲ" ಎಂದಿದ್ದಾರೆ ವಾರಿಜಾ ಮೇಡಂ.
ಸೈಟು ಪಾಲು ಮಾಡುವಾಗಲೂ ಇಷ್ಟು ಕೈ ನಡುಗುವುದಿಲ್ಲವೇನೋ.

ತೌಸೀಫ್ ಮೊದಲು.
ಸರ್ವರ್ ಅವನದು, ಡೇಟಾಬೇಸ್ ಅವನದು,
ಬೆಳಗಿನ ಜಾವ ಮೂರಕ್ಕೆ ಬಂದ ಮೆಸೇಜೂ ಅವನದೇ:
"ಯಾರೋ ನನ್ನ ಕೋಡ್ ಮುಟ್ಟಿದ್ದೀರಿ."
ಮುಟ್ಟಿದ್ದು ನಾನು. ಒಂದು ಅಲ್ಪವಿರಾಮ.
ಇವತ್ತಿಗೂ ಹೇಳಿಲ್ಲ.

ಡೆಲ್ಫಿನಾ ಬಟನ್ನಿಗೆಂದು
ಹದಿನೇಳು ನೀಲಿ ತಂದು ತೋರಿಸಿದಳು.
ಎಲ್ಲ ಒಂದೇ ಥರ ಇವೆ ಎಂದೆವು ಮೂವರೂ.
ಎರಡು ದಿನ ಮಾತು ಬಿಟ್ಟಳು.
ಆಮೇಲೆ ಘಾಟಿನಲ್ಲಿ ಮುನಿಚೌಡಪ್ಪನವರು
ಒದ್ದೆ ಕೈ ಒರೆಸಿಕೊಂಡು, ಫೋನನ್ನು ಬಿಸಿಲಿಗೆ ಹಿಡಿದು,
"ನೀಲಿ ಒಂದು ಚೂರು ಜಾಸ್ತಿ ಆಯ್ತು ಕಣಮ್ಮ,
ಬಿಳೀ ಬಟ್ಟೆ ಕೆಡ್ತದೆ" ಅಂದರು.
ಅವಳ ಮುಖ ನೋಡಬೇಕಿತ್ತು ನೀವು.

ಬಸವಪ್ರಭು ಬರೆದ ಕೋಡು ನೂರಾ ಹನ್ನೆರಡು ಸಾಲು.
ಗಿಟ್ ಎಲ್ಲವನ್ನೂ ಎಣಿಸುತ್ತದೆ.
ಎಣಿಸದೆ ಬಿಟ್ಟದ್ದು ಇಷ್ಟು:
ಆರು ವಾರ, ಬೆಳಿಗ್ಗೆ ಐದಕ್ಕೆ,
ಕೋದಂಡರಾಮಪುರದ ದೋಬಿಘಾಟಿಗೆ ಒಬ್ಬನೇ ಹೋಗಿ
ಒಗೆಯುವ ಕಲ್ಲಿನ ಪಕ್ಕ ಕೂತದ್ದು;
ಸೀರೆ ಎಷ್ಟು, ಆಸ್ಪತ್ರೆಯ ಹಸಿರು ಗೌನು ಎಷ್ಟು,
ಲಾಡ್ಜಿನ ಹೊದಿಕೆ ಎಷ್ಟು ಎಂದು ಬರೆದುಕೊಂಡದ್ದು;
"ಯಜಮಾನ್ರ, ನಿಮಗ ಖರೇನ ಏನ್ ಬೇಕ್ರಿ?" ಎಂದು
ನಾವ್ಯಾರೂ ಕೇಳದ್ದನ್ನು ಕೇಳಿದ್ದು.

ಅವರಿಗೆ ಬೇಕಿದ್ದದ್ದು ಆ್ಯಪ್ ಅಲ್ಲ,
ಹಿಂಡುವ ಮೆಷಿನ್ನಿಗೆ ಹೊಸ ಬೆಲ್ಟು.
ಅಗತ್ಯಗಳ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದ.
ಮೇಡಂ ಕೆಂಪಿನಲ್ಲಿ ಸುತ್ತು ಹಾಕಿ
"ವ್ಯಾಪ್ತಿಗೆ ಹೊರತು" ಎಂದರು.

ನಮ್ಮ ವ್ಯಾಪ್ತಿ: ಬಟ್ಟೆಗೊಂದು ಚೀಟಿ, ಚೀಟಿಗೊಂದು ಕ್ಯೂಆರ್.
ಮೊದಲ ಒಗೆತಕ್ಕೆ ಮುನ್ನೂರರಲ್ಲಿ ಉಳಿದವು ನಲವತ್ತೊಂದು.
ಎರಡನೆಯದಕ್ಕೆ ಎಣಿಸಲಿಲ್ಲ.
ಮುನಿಚೌಡಪ್ಪನವರು ನಗಲಿಲ್ಲ.
ನಕ್ಕಿದ್ದರೆ ವಾಸಿಯಿತ್ತು.
ಕರಿಗೇರಿನ ಎಣ್ಣೆಯ ಕುಡಿಕೆಗೆ ಕಡ್ಡಿ ಅದ್ದಿ,
ನನ್ನ ಬಿಳಿ ಅಂಗಿಯ ಕಾಲರಿನ ಒಳಮಗ್ಗುಲಿಗೆ
ಎರಡು ಚುಕ್ಕೆ, ಒಂದು ಅಡ್ಡಗೆರೆ ಇಟ್ಟರು.
"ಇಬ್ಬರಿಗೆ ಒಂದೇ ಗುರುತು ಬಂದರೆ?" ತೌಸೀಫನ ಪ್ರಶ್ನೆ.
"ಬರಲ್ಲ."
"ಹೇಗೆ ಬರಲ್ಲ?"
"ನಂಗೆ ಗೊತ್ತಿರ್ತದಲ್ಲಪ್ಪ."

ಆ ರಾತ್ರಿ ತೌಸೀಫ್ ಎರಡು ತಿಂಗಳ ಕೆಲಸ ಕಿತ್ತುಹಾಕಿ
ಚುಕ್ಕೆ-ಗೆರೆ ಓದುವುದನ್ನು ಕಂಪ್ಯೂಟರಿಗೆ ಕಲಿಸತೊಡಗಿದ.
ನೂರಕ್ಕೆ ಅರವತ್ತು ಸಲ ಸರಿ ಓದುತ್ತದೆ.
ಉಳಿದ ನಲವತ್ತಕ್ಕೆ ಒಂದು ಬಟನ್ನು:
"ಮುನಿಚೌಡಪ್ಪನವರನ್ನು ಕೇಳಿ."
ಡೆಲ್ಫಿನಾಳ ನೀಲಿ, ಒಂದು ಚೂರು ಕಡಿಮೆ.

ಬೆಲ್ಟಿನ ವಿಷಯ ವರದಿಯಲ್ಲಿಲ್ಲ.
ಕಲಾಸಿಪಾಳ್ಯದಲ್ಲಿ ಆರು ನೂರ ಎಂಬತ್ತು ರೂಪಾಯಿ.
ಬಸವಪ್ರಭು ಹಾಕಿಸಿಕೊಟ್ಟ.

ನಾನು?
ಸ್ಲೈಡು ಮಾಡಿದೆ, ವರದಿಯ ಅಂಚು ನೇರ ಮಾಡಿದೆ,
ಅವೆನ್ಯೂ ರಸ್ತೆಯಲ್ಲಿ ಬೈಂಡಿಂಗಿಗೆ ಚೌಕಾಸಿ ಮಾಡಿದೆ,
ಮೂರು ಜಗಳ ಬಿಡಿಸಿದೆ, ಒಂದು ಹಚ್ಚಿದೆ.
"ನಿಮ್ಮಲ್ಲಿ ಲೀಡರ್ ಯಾರು?" ಎಂದಿದ್ದರು ಹೊರಗಿನ ಪರೀಕ್ಷಕರು.
ನಾಲ್ವರೂ ಪಕ್ಕದವರತ್ತ ನೋಡಿದ್ದೆವು,
ಒಬ್ಬರ ಕಣ್ಣಿಗೂ ಒಬ್ಬರು ಸಿಗಲಿಲ್ಲ.

ಅವನಿಗೆ ಇಪ್ಪತ್ತೈದು. ಅವಳಿಗೆ ಇಪ್ಪತ್ತೈದು.
ಬಸವಪ್ರಭುವಿಗೂ ಇಪ್ಪತ್ತೈದು, ಗಿಟ್ ಏನಾದರೂ ಹೇಳಲಿ.
ನನಗೆ ಇಪ್ಪತ್ತನಾಲ್ಕು,
ಆ ಅಲ್ಪವಿರಾಮಕ್ಕೆ ಒಂದು ಕಳೆದು.

ಫಾರಂ ಕೆಂಪಾಯಿತು: ಮೊತ್ತ ನೂರಾಗಿಲ್ಲ.

ಹನ್ನೊಂದು ಐವತ್ತೆರಡು.
ಅಂಗಿ ಕುರ್ಚಿಯ ಬೆನ್ನಿಗಿದೆ.
ಎಂಟು ಸಲ ಒಗೆದಾಯಿತು, ಅಮ್ಮ ಬ್ಲೀಚೂ ಹಾಕಿ ನೋಡಿದಳು.
ಕಾಲರು ತಿರುಗಿಸುತ್ತೇನೆ:
ಎರಡು ಚುಕ್ಕೆ, ಒಂದು ಅಡ್ಡಗೆರೆ.
ಅದನ್ನು ಅವರು ಏನೆಂದು ಓದುತ್ತಾರೋ,
ಕೇಳಿಯೇ ಇಲ್ಲ.